ಮೂವತ್ತಮೂರನೆಯ ಗುಂಡಿ

ಮನುಷ್ಯನ ಮಾನ ಕಾಯುವುದು ಬಟ್ಟೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಹೊಲಿಗೆ ಕಲಿತವರಲ್ಲ. ಮಾನ ಕಾಯುವುದು ಗುಂಡಿ. ಬಟ್ಟೆ ಅದಕ್ಕೊಂದು ಜಾಗ ಮಾಡಿಕೊಡುತ್ತದೆ, ಅಷ್ಟೇ.

ಈ ಸತ್ಯ ನನಗೆ ತಡವಾಗಿ ಹೊಳೆಯಿತು. ಯಾಕೆಂದರೆ ನನ್ನ ಅರ್ಧ ಆಯುಷ್ಯ ಗುಂಡಿಯೇ ಇಲ್ಲದ ಬಟ್ಟೆ ಹೊಲಿಯುವುದರಲ್ಲಿ ಹೋಗಿದೆ. ಕಲಘಟಗಿಯ ಬಸ್‌ಸ್ಟ್ಯಾಂಡಿನ ಎದುರು ನನ್ನ ಅಂಗಡಿ. ಸುತ್ತಲಿನ ಮಠಗಳ ಸ್ವಾಮಿಗಳಿಗೆ ಕಫನಿ ಹೊಲಿಯುವವನೆಂದು ನನಗೆ ಒಂದು ಕಾಲಕ್ಕೆ ಹೆಸರಿತ್ತು. ಕಫನಿ ಎಂದರೆ ಕತ್ತಿನಿಂದ ಪಾದದ ತನಕ ಇಳಿಬಿಡುವ ಕಾವಿ ಅಂಗಿ. ಅರಿವಿಯನ್ನು ಉದ್ದಕ್ಕೆ ಮಡಚಿ, ಮಡಿಕೆಯ ಮೇಲೆ ಎದೆಯ ಭಾಗ ಇಟ್ಟು, ಒಂದೇ ಏಟಿಗೆ ಕತ್ತರಿಸಿದರೆ ಮುಂಭಾಗ ತಯಾರು. ಮುಂದೆ ಸೀಳಿಲ್ಲ, ಪಟ್ಟಿಯಿಲ್ಲ. ತಲೆಯ ಮೇಲಿಂದ ಹಾಕಿಕೊಳ್ಳುವುದು. ಕಣ್ಣು ಮುಚ್ಚಿ ಕಫನಿ ಕತ್ತರಿಸಬಲ್ಲೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಕಣ್ಣು ತೆರೆದಿದ್ದಾಗಲೂ ಅದನ್ನೇ ಕತ್ತರಿಸುತ್ತೇನೆ ಎಂಬುದು ಆಮೇಲೆ ಗೊತ್ತಾಯಿತು.

ಈಗ ಸಾಲಿ ಮಕ್ಕಳ ಯೂನಿಫಾರ್ಮು ಕೂಡ ಹುಬ್ಬಳ್ಳಿಯಿಂದ ತಯಾರಾಗಿಯೇ ಬರುತ್ತದೆ. ನನಗೆ ಉಳಿದದ್ದು ಸೀರೆಯ ಫಾಲು, ಪ್ಯಾಂಟಿನ ಜಿಪ್ಪು, ಮತ್ತು ಹೊಟ್ಟೆ ಬಂದವರ ಸೊಂಟ ಬಿಚ್ಚುವುದು. ಮನುಷ್ಯಜಾತಿ ದಪ್ಪಗಾಗುತ್ತಿರುವುದೇ ನನ್ನ ಅನ್ನ. ಅಂಗಡಿಯಲ್ಲಿ ಇಬ್ಬರೇ. ನಾನು, ಮತ್ತು ಮಧ್ಯಾಹ್ನದ ಮೇಲೆ ಬಂದು ಕೈಯಲ್ಲಿ ಕಾಜ ಮಾಡುವ ಒಬ್ಬ ಅಕ್ಕ. ಕಾಜವೆಂದರೆ ಗುಂಡಿ ತೂರುವ ತೂತು. ಅದಕ್ಕೂ ಈಗ ಯಂತ್ರ ಬಂದಿದೆ. ಅಕ್ಕ ಬರುವುದು ಕೆಲಸಕ್ಕಿಂತ ಹೆಚ್ಚಾಗಿ ನನ್ನನ್ನು ಬೈಯಲು. ಮನೆಯವಳು ತೀರಿಕೊಂಡ ಮೇಲೆ ಆ ಇಲಾಖೆ ಖಾಲಿ ಇತ್ತು.

ಆ ದಿನ ಬಂದವರು ಬಮ್ಮಿಗಟ್ಟಿ ಕಡೆಯ ಅಜ್ಜಾರು. ಅಜ್ಜಾರು ಅಂದ ಕೂಡಲೇ ನಮ್ಮ ಕಡೆಯವರು ಮಠದ ಸ್ವಾಮಿಗಳು ಎಂದುಕೊಳ್ಳುತ್ತಾರೆ. ಇವರು ಕ್ಯಾಥೊಲಿಕ್ ಪಾದ್ರಿ. ಕರಾವಳಿಯಲ್ಲಿ ಹುಟ್ಟಿ, ಹುಡುಗತನ ಮುಗಿಯುವಷ್ಟರಲ್ಲಿ ಪಾದ್ರಿಯಾಗಿ ಈ ಸೀಮೆಗೆ ಬಂದವರು. ಊರ ಹೊರಗೆ ಎರಡು ಕೋಣೆ, ಬಾಜೂಕ್ಕೆ ಒಂದು ಪ್ರಾರ್ಥನೆಯ ಪಡಸಾಲೆ. ನಮ್ಮ ಜನಕ್ಕೆ ತಿಳಿಯುವ ಹಾಗೆ ಬದುಕಬೇಕೆಂದು ಕಾವಿ ಕಫನಿ ಹಾಕಿಕೊಂಡರು. ಅವರ ಕಫನಿಗಳನ್ನು ಹೊಲಿದವನು ನಾನೇ. ಬೇನೆ ಬಿದ್ದವರನ್ನು ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ಯುವುದು, ಮಕ್ಕಳಿಗೆ ಅಕ್ಷರ ಹೇಳುವುದು, ಗಂಡ ಹೆಂಡತಿ ಜಗಳ ಬಿಡಿಸುವುದು, ಇದರಲ್ಲಿ ಅವರ ವಯಸ್ಸು ಕಳೆಯಿತು. ಇದ್ದ ನಾಲ್ಕಾರು ಕ್ರೈಸ್ತ ಮನೆಗಳು ಕೆಲಸ ಹುಡುಕಿ ಹುಬ್ಬಳ್ಳಿ ಸೇರಿದ ಮೇಲೆ ಆದಿತ್ಯವಾರದ ಪೂಜೆಗೆ ಅವರೂ ದೇವರೂ ಇಬ್ಬರೇ ಉಳಿದಿದ್ದರು.

ಕೈಯಲ್ಲಿ ಎರಡು ಗಂಟಿತ್ತು. ಬಾಕಿನ ಮೇಲೆ ಇಟ್ಟು ಹೇಳಿದರು:

"ಮಾಸ್ತರ, ಒಂದು ಲೋಬು ಹೊಲಿದ ಕೊಡ್ರಿ."

ನನಗೆ ಕೇಳಿಸಿದ್ದು ಲೋಭ. ಅಕ್ಕನಿಗೂ ಅದೇ ಕೇಳಿಸಿತು. ಅವಳು ಸೂಜಿ ನಿಲ್ಲಿಸಿದಳು.

"ಅಲ್ರೀ ಅಜ್ಜಾರ, ಲೋಭ ಬಿಡ್ರಿ ಅಂತ ಇಷ್ಟ ದಿನ ನಮಗ ಹೇಳಿದ್ರಿ. ಈಗ ನೀವ ಹೊಲಸಾಕ ಬಂದ್ರ್ಯಾ?"

ಅಜ್ಜಾರು ಎಷ್ಟು ನಕ್ಕರೆಂದರೆ ಕೆಮ್ಮು ಹತ್ತಿತು. ನೀರು ಕುಡಿದು ಒಂದು ಗಂಟು ಬಿಚ್ಚಿದರು. ಒಳಗೆ ಹಳೆಯ ನಿಲುವಂಗಿ. ಒಂದಾನೊಂದು ಕಾಲಕ್ಕೆ ಬಿಳಿ ಇದ್ದದ್ದು, ಈಗ ಬೆಲ್ಲದ ನೀರಿನ ಬಣ್ಣ. ಕತ್ತಿನಿಂದ ಅಂಚಿನ ತನಕ ಒಂದೇ ಸಾಲಿನಲ್ಲಿ ಬಟ್ಟೆ ಸುತ್ತಿದ ಪುಟಾಣಿ ಗುಂಡಿಗಳು. ಬೆನ್ನಿನ ಭಾಗವನ್ನು ಜಿರಳೆಗಳು ಸಾವಕಾಶವಾಗಿ ಓದಿ ಮುಗಿಸಿದ್ದವು.

"ಇದಕ್ಕ ನಮ್ಮ ಕೊಂಕಣಿಯೊಳಗ ಲೋಬು ಅಂತಾರ. ದೀಕ್ಷಾ ದಿನ ಹಾಕ್ಕೊಂಡಿದ್ದು. ಇದನ್ನ ಹಾಕ್ಕೊಂಡ ನಿಮ್ಮ ಊರಾಗ ಬಸ್ಸಿನಿಂದ ಇಳಿದಿದ್ದೆ."

ಇನ್ನೊಂದು ಗಂಟಿನಲ್ಲಿ ಹೊಸ ಬಿಳಿ ಅರಿವಿ. ಒಳ್ಳೆಯ ಹತ್ತಿ, ಕೈಗೆ ತುಸು ಒರಟು. ಅವರಿಗೆ ವಯಸ್ಸಾಯಿತೆಂದು ಮೇಲಿನವರು ಕರಾವಳಿಯ ವೃದ್ಧ ಪಾದ್ರಿಗಳ ಮನೆಗೆ ಬರಹೇಳಿದ್ದರು. ಸುದ್ದಿ ತಿಳಿದ ಬಮ್ಮಿಗಟ್ಟಿಯ ಹೆಣ್ಣುಮಕ್ಕಳು ಸೇರಿ ಅಜ್ಜಾರಿಗೆ ಆಹೇರಿ ಮಾಡಿದ್ದರು. ಬೀಳ್ಕೊಡುವಾಗ ಬಟ್ಟೆ ಕೊಡುವ ಪದ್ಧತಿ ನಮ್ಮಲ್ಲಿದೆ. ಅವರ ಲೆಕ್ಕದಲ್ಲಿ ಅದು ಕಫನಿಯ ಬಟ್ಟೆ. ಹೊಲಿಸಿ ಕಾವಿ ಅದ್ದಿಕೊಳ್ಳಲಿ ಎಂದು ಬಿಳಿಯದನ್ನೇ ಕೊಟ್ಟಿದ್ದರು.

"ಅಲ್ಲೆ ತಯಾರಾಗಿದ್ದು ಸಿಗತಾವಲ್ರಿ?" ಎಂದೆ. ವ್ಯಾಪಾರಸ್ಥನ ಬಾಯಲ್ಲಿ ಬರಬಾರದ ಮಾತು.

"ಸಿಗತಾವ. ಆದರ ನಾ ಬಂದ ಹಾಂಗ ಹೋಗಬೇಕು ಮಾಸ್ತರ. ಇಲ್ಲಿ ಅರಿವಿ, ಇಲ್ಲಿ ಹೊಲಿಗಿ. ಆ ಮನಿಯೊಳಗ ನನ್ನ ಗುರುತಿನವರು ಯಾರೂ ಉಳಿದಿಲ್ಲ. ಕಾವಿಯೊಳಗ ಹೋದ್ರ ಯಾವ ಮಠದಿಂದ ಬಂದ್ರಿ ಅಂತ ಕೇಳತಾರ. ಬಾಗಲದಾಗ ನಿಂತು ಅಷ್ಟೆಲ್ಲಾ ಕತಿ ಹೇಳೂ ತ್ರಾಣ ಇಲ್ಲ ಈಗ."

ಅಳತೆ ತೆಗೆದುಕೊಂಡೆ. ಎದೆಯ ಅಳತೆ ತೆಗೆಯುವಾಗ ದರ್ಜಿ ಎದುರಿನವನನ್ನು ಅಪ್ಪಿಕೊಂಡ ಹಾಗೆಯೇ ನಿಲ್ಲಬೇಕಾಗುತ್ತದೆ. ಟೇಪು ಬೆನ್ನ ಹಿಂದೆ ಹೋಗಿ ಮುಂದೆ ಬರುವ ತನಕ ಅಜ್ಜಾರು ಉಸಿರು ಹಿಡಿದು ನಿಂತಿದ್ದರು. ಅವರನ್ನು ಹಾಗೆ ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ. ನನ್ನದೂ ಅದೇ ಲೆಕ್ಕ ಎಂಬುದು ಟೇಪು ಸುತ್ತಿಡುವಾಗ ನೆನಪಾಯಿತು. ಅಳತೆ ಬರೆದುಕೊಂಡೆ. ಹಳೆಯ ಲೋಬಿನ ಉದ್ದಕ್ಕೆ ಹೋಲಿಸಿದರೆ ಮನುಷ್ಯ ಎರಡಿಂಚು ಕುಗ್ಗಿದ್ದರು.

ಅರಿವಿ ನೆನೆಹಾಕಿ, ಹಿಂಡಿ, ನೆರಳಲ್ಲಿ ಒಣಗಿಸಿದೆ. ಹತ್ತಿ ಬಟ್ಟೆ ಕುಗ್ಗುವುದನ್ನೆಲ್ಲ ಹೊಲಿಗೆಗೆ ಮೊದಲೇ ಕುಗ್ಗಿ ಮುಗಿಸಲಿ ಎಂದು ಹೀಗೆ ಮಾಡುವುದು. ಅದು ಒಣಗುವ ತನಕ ಅಜ್ಜಾರು ಬಂದು ಬಾಕಿನ ಮೇಲೆ ಕೂತು ಲೋಬಿನ ಪುರಾಣ ಹೇಳುತ್ತಿದ್ದರು. ಅವರಿಗೂ ಹೇಳಲು ಜನ ಬೇಕಿತ್ತು.

ರೋಮಿನಲ್ಲಿ ಹಿಂದೆ ದೊಡ್ಡ ಮನುಷ್ಯರೆಲ್ಲ ಪಾದ ಮುಟ್ಟುವ ಅಂಗಿಯನ್ನೇ ಹಾಕುತ್ತಿದ್ದರಂತೆ. ಆಮೇಲೆ ಉತ್ತರದಿಂದ ಕುದುರೆ ಹತ್ತಿದ ಜನ ಬಂದರು. ಕುದುರೆಯ ಮೇಲೆ ಉದ್ದಂಗಿ ನಡೆಯುವುದಿಲ್ಲ. ಅವರದು ಗಿಡ್ಡ ಅಂಗಿ, ಕಾಲಿಗೆ ಚಲ್ಲಣ. ಊರವರೆಲ್ಲ ಅದನ್ನೇ ಹಿಡಿದರು. ಪಾದ್ರಿಗಳು ಮಾತ್ರ ಹಳೆಯದನ್ನು ಬಿಡಲಿಲ್ಲ.

"ಅಂದ್ರ ಇದು ಮೊದಲ ದೇವರ ಬಟ್ಟಿ ಏನಲ್ರಿ?" ಎಂದೆ.

"ಏನಿಲ್ಲ. ಎಲ್ಲಾರೂ ಬಿಟ್ಟಿದ್ದನ್ನ ನಾವು ಬಿಡಲಿಲ್ಲ, ಅದಕ್ಕ ಪವಿತ್ರ ಆತು."

ಈ ತತ್ವ ನನಗೆ ಹಿಡಿಸಿತು. ಕಾಲಲ್ಲಿ ತುಳಿಯುವ ನನ್ನ ಹಳೆಯ ಹೊಲಿಗೆ ಯಂತ್ರವನ್ನು ಒಮ್ಮೆ ಗೌರವದಿಂದ ನೋಡಿದೆ.

ಪೂಜೆಯ ಹೊತ್ತಿಗೆ ಮೇಲೆ ಹೊದೆಯುವ ತೋಳಿಲ್ಲದ ಮೇಲಂಗಿಯೂ ಹೀಗೆಯೇ ಅಂತೆ. ಅದು ಮಳೆಗೆ ಹಾದಿಹೋಕರು ಹೊದೆಯುತ್ತಿದ್ದ ಹೊದಿಕೆ. "ನಮ್ಮ ಕುರುಬರ ಕಂಬಳಿ ಕೊಪ್ಪಿ ಇದ್ದ ಹಾಂಗ. ಅದರ ಲ್ಯಾಟಿನ್ ಹೆಸರಿಗೆ ಸಣ್ಣ ಮನಿ ಅಂತ ಅರ್ಥ," ಎಂದರು. ಮತ್ತೆ, "ಮನಿ ಇಲ್ಲದವರಿಗೆ ಹೊಂದೂ ಹೆಸರು," ಎಂದು ತಾವೇ ನಕ್ಕರು. ಅಕ್ಕ ನಗಲಿಲ್ಲ.

ಲೋಬು ಎಂಬ ಮಾತು ಪೋರ್ತುಗೀಸರದು. ಗೋವೆಯ ಮೇಲಿಂದ ಕರಾವಳಿಗೆ ಇಳಿದದ್ದು. ಸಾಮಾನ್ಯ ಪಾದ್ರಿಗೆ ಕಪ್ಪು, ಸೆಕೆಯ ದೇಶದಲ್ಲಿ ಬಿಳಿ. ಬಿಷಪ್ಪರಿಗೆ ನೇರಳೆ, ಅವರ ಮೇಲಿನವರಿಗೆ ಕೆಂಪು, ಎಲ್ಲರ ಮೇಲಿನ ಪೋಪರಿಗೆ ಮತ್ತೆ ಬಿಳಿ. ಅಂದರೆ ತುದಿ ಮುಟ್ಟಿದವರೂ ಸೆಕೆಯಲ್ಲಿ ಬಿದ್ದವರೂ ಒಂದೇ ಬಣ್ಣ. ಹಿಂದೊಮ್ಮೆ ತಮಿಳು ಸೀಮೆಗೆ ಬಂದ ಪರದೇಶದ ಪಾದ್ರಿಯೊಬ್ಬ ಸಂನ್ಯಾಸಿಯ ಕಾವಿ ಉಟ್ಟದ್ದಕ್ಕೆ ರೋಮಿನ ತನಕ ತಕರಾರು ಹೋಗಿತ್ತಂತೆ.

"ನಿಮ್ಮ ಮ್ಯಾಲೂ ತಕರಾರು ಹೋಗಿತ್ತೇನ್ರಿ?"

"ನನ್ನ ಮ್ಯಾಲೆ ಯಾರ ಕೊಡತಾರ ಮಾಸ್ತರ? ನಾ ಇಲ್ಲಿ ಇದ್ದೇನಿ ಅನ್ನೂದ ಭಾಳ ಮಂದಿಗೆ ಗೊತ್ತಿರಲಿಲ್ಲ."

ಹಳೆಯ ಲೋಬಿನ ಗುಂಡಿಗಳನ್ನು ಎಣಿಸಿದ ಅಕ್ಕ, ಮೂವತ್ತಮೂರೇ ಯಾಕೆಂದು ಕೇಳಿದಳು. ಯೇಸುಸ್ವಾಮಿ ಭೂಮಿಯ ಮೇಲೆ ಇದ್ದದ್ದು ಮೂವತ್ತಮೂರು ವರ್ಷ; ಅದರ ಗುರುತಿಗೆ ಎಂದು ಹೇಳುತ್ತಾರೆ ಎಂದರು ಅಜ್ಜಾರು. ಅಕ್ಕ ಲೆಕ್ಕ ಹಾಕಿದಳು. ಮೂವತ್ತಮೂರು ಗುಂಡಿಗೆ ಮೂವತ್ತಮೂರು ಕಾಜ.

"ನಮ್ಮ ಸಿದ್ಧಪುರುಷರ ಹಾಂಗ ಮುನ್ನೂರು ವರ್ಷ ಬಾಳಲಿಲ್ಲ, ನನ್ನ ಕಣ್ಣು ಉಳದ್ವು," ಎಂದಳು.

ಅಜ್ಜಾರು ಇದಕ್ಕೂ ನಕ್ಕರು. ಆ ದಿನಗಳಲ್ಲಿ ಅವರು ಬಹಳ ನಗುತ್ತಿದ್ದರು. ಹೋಗುವವರು ಹಾಗೆ ನಗುವುದನ್ನು ನಾನು ನೋಡಿದ್ದೇನೆ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಮೇಜು ಒರೆಸಿ, ಅರಿವಿಗೆ ಇಸ್ತ್ರಿ ಹಾಕಿ, ಹರವಿದೆ. ಚಾಕಿನಲ್ಲಿ ಗೆರೆ ಎಳೆದೆ. ತೋಳಿಗೆಷ್ಟು, ಕಾಲರಿಗೆಷ್ಟು, ಬೆನ್ನಿಗೆಷ್ಟು ಎಂದು ಮೊದಲೇ ಹಂಚಿಕೊಂಡಿದ್ದೆ. ತುಂಡು ಸರಿಸುಮಾರು ಸಾಕಾಗುವಷ್ಟೇ ಇತ್ತು. ಲೋಬಿಗೆ ಮುಂಭಾಗ ಎರಡು ತುಂಡು ಬೇಕು. ಒಂದರ ಮೇಲೊಂದು ಬರಲು ಪ್ರತಿ ತುಂಡಿಗೂ ಒಂದೂವರೆ ಇಂಚು ಹೆಚ್ಚು ಬಿಡಬೇಕು. ಗುಂಡಿಯ ಪಟ್ಟಿ ಬರುವುದು ಅಲ್ಲಿ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅಜ್ಜಾರ ಅಳತೆ, ಬಮ್ಮಿಗಟ್ಟಿಯ ಅರಿವಿ, ನನ್ನ ಹಳೆಯ ಕತ್ತರಿ ಮೂರೂ ಒಟ್ಟಿಗೆ ಸೇರಿದಾಗ ಕೈ ತನ್ನ ದಾರಿ ಹಿಡಿಯಿತು. ಅರಿವಿಯನ್ನು ಉದ್ದಕ್ಕೆ ಮಡಚಿತು. ಮಡಿಕೆಯ ಮೇಲೆ ಎದೆ ಇಟ್ಟಿತು. ಒಂದೇ ಏಟಿಗೆ ಕತ್ತರಿಸಿತು.

ಎತ್ತಿ ನೋಡಿದರೆ ಕೈಯಲ್ಲಿ ಕಫನಿ ತೂಗುತ್ತಿತ್ತು. ಕತ್ತಿನ ಗುಂಡು, ಬಗಲಿನ ಇಳಿಜಾರು, ಎಲ್ಲ ಅಗದಿ ಚಂದ. ಮುಂದೆ ಸೀಳಿಲ್ಲ. ಹೆಚ್ಚಿನ ಅಂಚಿಲ್ಲ. ಉಳಿದ ತುಂಡುಗಳಲ್ಲಿ ಆಳುದ್ದದ ಪಟ್ಟಿ ತೆಗೆಯಲು ಒಂದೂ ಬರುವಂತಿರಲಿಲ್ಲ.

ಯಂತ್ರದ ಮುಂದೆ ಕೂತೆ. ಎದುರಿಗೆ ಯಲ್ಲಾಪುರದ ಬಸ್ಸು ಬಂತು, ಹೋಯಿತು. ಬೇರೆ ಯಾವುದೇ ಬಟ್ಟೆಯಾಗಿದ್ದರೆ ಹುಬ್ಬಳ್ಳಿಗೆ ಹೋಗಿ ಅಂಥದ್ದೇ ತಂದು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆಹೇರಿ ಅರಿವಿಗೆ ಅಂಥದ್ದೇ ಇನ್ನೊಂದು ಎಲ್ಲಿಂದ ತರುವುದು? ಅಜ್ಜಾರು ಹೊರಡಲು ಎರಡೇ ದಿನ ಉಳಿದಿತ್ತು.

ಮಧ್ಯಾಹ್ನ ಬಂದ ಅಕ್ಕ ಅದನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದಳು.

"ಯಣ್ಣಾ, ಗುಂಡಿ ಎಲ್ಲೆ ಹಚ್ಚಲಿ? ನಿನ್ನ ತಲಿಗೆ ಹಚ್ಚಲೇನು?"

ಅಜ್ಜಾರು ಬಂದಾಗ ಮುಚ್ಚಿಡಲಿಲ್ಲ. ಕಫನಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದೆ. "ಕೈ ಚಟ ಅಜ್ಜಾರ. ಇಷ್ಟ ವರ್ಷ ನಿಮಗ ಇದನ್ನ ಹೊಲಿದಿತ್ತು, ಇದನ್ನ ಹೊಲೀತು."

ಅವರು ಬಟ್ಟೆಯನ್ನು ಮುಟ್ಟಿ ನೋಡಿದರು. "ಇರಲಿ ಮಾರಾಯ್ರೆ," ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಕರಾವಳಿಯ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಸಾವರಿಸಿಕೊಂಡು, "ಕಫನಿನ ಆಗಲಿ ಬಿಡ್ರಿ. ಅವರು ಕೊಟ್ಟಿದ್ದೂ ಅದಕ್ಕ. ಕಾವಿ ಅದ್ದಿ ಕೊಡ್ರಿ. ಕಫನ್ ಅಂದ್ರ ಏನು ಗೊತ್ತೈತಲ್ಲ? ಹೆಣದ ಅರಿವಿ. ಸಂಸಾರಕ್ಕ ಸತ್ತಾಂವ ಅಂತ ತೋರಸಾಕ ಫಕೀರರು ಹಾಕ್ಕೊಂಡ್ರು, ಅವರಿಂದ ಎಲ್ಲಾರಿಗೂ ಬಂತು. ನಮ್ಮ ವಯಸ್ಸಿಗೆ ಅಗದಿ ಬರೋಬ್ಬರಿ," ಎಂದರು.

ಮಾತು ಹಗುರಾಗಿಯೇ ಇತ್ತು. ಆದರೆ ಮಾದರಿಗೆಂದು ಗೂಟಕ್ಕೆ ಹಾಕಿಟ್ಟಿದ್ದ ಹಳೆಯ ಲೋಬಿನ ತೋಳನ್ನು ಅವರ ಕೈ ಹಿಡಿದುಕೊಂಡಿತ್ತು. ಜಾತ್ರೆಯಲ್ಲಿ ಮಗು ದೊಡ್ಡವರ ತೋಳು ಹಿಡಿದ ಹಾಗೆ.

ಒಪ್ಪಿಕೊಂಡಿದ್ದರೆ ನನ್ನ ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಕಾವಿ ಮಣ್ಣಿನ ಡಬ್ಬಿ ಕಪಾಟಿನಲ್ಲೇ ಇತ್ತು. ಯಾಕೋ ಆಗಲಿಲ್ಲ.

"ಅಜ್ಜಾರ, ಒಂದ ಹಾದಿ ಐತಿ. ಈ ಮುಂಭಾಗಾನ ನಟ್ಟನಡುವ ಸೀಳತೇನಿ. ಗುಂಡಿ ಪಟ್ಟಿಗೆ ಅರಿವಿ ಬೇಕು. ಅದು ನಿಮ್ಮ ಹಳೆ ಲೋಬಿನ್ಯಾಗ ಐತಿ. ಬೆನ್ನು ಹೋಗೇತಿ, ಎದಿ ಗಟ್ಟಿ ಐತಿ. ಅದನ್ನ ಬಿಚ್ಚಬೇಕು. ಬಿಚ್ಚಿದ್ರ ತಿರುಗಿ ಹೊಲಿಯಾಕ ಆಗೂದಿಲ್ಲ. ಇದೂ ಕೆಟ್ಟರ ಎರಡೂ ಇಲ್ಲ."

ಅವರು ಹಳೆಯ ಲೋಬಿನ ಗುಂಡಿಗಳ ಮೇಲೆ ಕತ್ತಿನಿಂದ ಅಂಚಿನ ತನಕ ಒಮ್ಮೆ ಬೆರಳಾಡಿಸಿದರು. ಕಡೆಗೆ ಲೋಬನ್ನು ಗೂಟದಿಂದ ತೆಗೆದು ತಾವೇ ಮೇಜಿನ ಮೇಲೆ ಹರವಿದರು.

"ಪೆಟಗಿಯೊಳಗ ಇಟ್ಟು ಜಿರಳಿಗೆ ತಿನಿಸಿದ್ದು ನಾನ. ಕತ್ತರಿಗೆ ಯಾಕ ಅಂಜಲಿ? ಬಿಚ್ಚರಿ."

ಅವರು ಹೋದ ಮೇಲೆ ಬಿಚ್ಚಿದೆ. ಎದುರಿಗೆ ಕೂತು ನೋಡುವಂಥದ್ದಲ್ಲ ಅದು. ಹೊಲಿದವನು ಯಾರೋ ಪುಣ್ಯಾತ್ಮ, ಒಂದೊಂದು ಹೊಲಿಗೆಯೂ ಸಾಸಿವೆ ಕಾಳಿನಷ್ಟು. ಬ್ಲೇಡಿನ ಮೂಲೆಯಿಂದ ಒಂದೊಂದೇ ಎಳೆ ಕಡಿದು ಗುಂಡಿಯ ಪಟ್ಟಿಯನ್ನು ಗುಂಡಿಗಳ ಸಮೇತ ಬೇರೆ ಮಾಡಿದೆ. ಒಳಮಡಿಕೆಯಲ್ಲಿ ಬಿಸಿಲು ಕಾಣದ ಕಡೆ ಅರಿವಿ ಇನ್ನೂ ಹಾಲಿನಂತಿತ್ತು. ಹೊಸ ಮುಂಭಾಗವನ್ನು ನಡುವೆ ಸೀಳುವಾಗ ಉಸಿರು ಬಿಗಿಹಿಡಿದೆ. ಅರಿವಿಗೆ ಅದರಿಂದ ಏನೂ ಉಪಯೋಗವಿಲ್ಲ, ಆದರೂ. ಬಲಕ್ಕೆ ಹಳೆಯ ಗುಂಡಿ ಪಟ್ಟಿ ಕೂಡಿಸಿದೆ. ಎಡ ಮಗ್ಗುಲು ಮೇಲೆ ಬಂದು ಅದನ್ನು ಮುಚ್ಚುತ್ತದೆ. ಎಡಕ್ಕೆ ಒಳಗಿನಿಂದ ಹಳೆಯ ಅರಿವಿಯದೇ ಒಳಪಟ್ಟಿ. ಮೊದಲು ಕಚ್ಚಾ ಹೊಲಿಗೆ ಹಾಕಿ ಎತ್ತಿ ನೋಡಿದರೆ ಹಳೆಯದು ಒಂದು ಕಡೆ, ಹೊಸದು ಇನ್ನೊಂದು ಕಡೆ ಜಗ್ಗಿ ಎದೆಯ ಮೇಲೆ ಸುಕ್ಕು ಬಂದಿತ್ತು. ಬಿಚ್ಚಿದೆ. ಹಳೆಯ ಪಟ್ಟಿಯನ್ನು ಒದ್ದೆ ಬಟ್ಟೆಯ ಕೆಳಗಿಟ್ಟು ಇಸ್ತ್ರಿ ಮಾಡಿ, ಬಿಗಿ ಬಿಟ್ಟುಕೊಂಡ ಮೇಲೆ ಮತ್ತೆ ಕೂಡಿಸಿದೆ. ಈ ಸಲ ಕೂತಿತು. ಹೊರಗಿನಿಂದ ಎಲ್ಲ ಬಿಳಿ. ಗುಂಡಿಗಳು ಮಾತ್ರ ಹಳದಿ, ಬೇಕಂತಲೇ ಇಟ್ಟ ಹಾಗೆ. ಕಾಲರು ನೆಟ್ಟಗೆ ನಿಲ್ಲಲು ಒಳಗೆ ಬಕ್ರಂ ಇಟ್ಟು, ಮುಂದೆ ಪಾದ್ರಿಗಳು ಕತ್ತಿಗೆ ಹಾಕುವ ಬಿಳಿ ಪಟ್ಟಿ ತೂರುವಷ್ಟು ಕಿಟಕಿ ಬಿಟ್ಟೆ.

ಅಕ್ಕ ಮರುದಿನ ಬೆಳಿಗ್ಗೆಯೇ ಬಂದು ಕಾಜಕ್ಕೆ ಕೂತಳು. ಬೈಯಲಿಲ್ಲ. ಅದರಿಂದ ನನಗೆ ಕೆಲಸದಲ್ಲಿ ಲಕ್ಷ್ಯ ನಿಲ್ಲದಂತಾಯಿತು.

ಕಡೆಗೆ ಅಂಚು ಮಡಚುವಾಗ ಇನ್ನೊಂದು ಅಡಚಣೆ. ಪಟ್ಟಿ ಹಳೆಯ ಉದ್ದದ್ದು, ಮನುಷ್ಯ ಎರಡಿಂಚು ಕುಗ್ಗಿದ್ದರು. ಅಂಚು ಒಳಗೆ ಮಡಚಿದರೆ ಕೊನೆಯ ಗುಂಡಿ ಮಡಿಕೆಯೊಳಗೆ ಹೋಗುತ್ತಿತ್ತು. ಕಿತ್ತು ಬೇರೆಡೆ ಹಚ್ಚಿದರೆ ಸಾಲು ಕೆಡುತ್ತದೆ. ಸಂಜೆ ಅಜ್ಜಾರು ಬಂದಾಗ ಕೇಳಿದೆ:

"ಒಂದ ಗುಂಡಿ ಒಳಗ ಹೋಗತೈತ್ರಿ. ಇರತೈತಿ, ಆದರ ಕಾಣೂದಿಲ್ಲ. ನಡೀತೈತೇನ್ರಿ?"

"ಕಾಣದ್ದನ್ನ ಐತಿ ಅಂತ ನಂಬೂದ ನನ್ನ ಉದ್ಯೋಗ ಮಾಸ್ತರ. ಹೊಲೀರಿ."

ಹೊರಡುವ ದಿನ ಬೆಳಿಗ್ಗೆ ಅಂಗಡಿಯ ಒಳಕೋಣೆಯಲ್ಲೇ ಬಟ್ಟೆ ಬದಲಿಸಿದರು. ಗುಂಡಿ ಹಾಕಿಕೊಳ್ಳಲು ಬೆರಳು ಆಡಲಿಲ್ಲ. ಕತ್ತಿನಿಂದ ಹಿಡಿದು ಕೆಳಗಿನ ತನಕ ನಾನೇ ಹಾಕಿದೆ, ಕೊನೆಗೆ ಮೊಣಕಾಲೂರಿ. ಎದ್ದು ನೋಡಿದರೆ ಎದುರಿಗೆ ಯಾರೋ ಬೇರೆಯವರು ನಿಂತಿದ್ದರು. ನೆಟ್ಟಗೆ, ಬೆಳ್ಳಗೆ, ದೂರದವರು. ಅವರು ಕನ್ನಡಿಯಲ್ಲಿ ನೋಡಿಕೊಂಡರು.

ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ದಾಟಿದೆವು. ದಿನಾ ಕೈ ಮುಗಿಯುವ ಚಾದಂಗಡಿಯವನು ಮುಗಿಯಲಿಲ್ಲ. ಬೀಳ್ಕೊಡಲು ಬಮ್ಮಿಗಟ್ಟಿಯಿಂದ ಒಬ್ಬ ಮುದುಕಿ ರೊಟ್ಟಿಯ ಗಂಟು ಹಿಡಿದು ಬಂದಿದ್ದಳು. ಉಳಿದವರು ಸೋಯಾಬೀನ್ ಒಕ್ಕಣೆಗೆ ಹೋಗಿದ್ದರು. ಅವಳು ನಮ್ಮ ಮುಂದೆ ಹಾದು ಆ ತುದಿಗೆ ಹೋದಳು, ತಿರುಗಿ ಈ ತುದಿಗೆ ಬಂದಳು. ಕಡೆಗೆ ನನ್ನನ್ನು ಕೇಳಿದಳು:

"ಟೇಲರಣ್ಣಾ, ನಮ್ಮ ಅಜ್ಜಾರು ಇನ್ನೂ ಬಂದಿಲ್ಲೇನು?"

"ಇಲ್ಲೇ ಅದೇನಿ ಯವ್ವಾ," ಎಂದರು ಅಜ್ಜಾರು.

ಮುದುಕಿ ಮುಖ ನೋಡಿದಳು. ಇನ್ನೂ ಅನುಮಾನ. ತೋಳಿನ ಅರಿವಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. "ಹೌದ, ಇದ ನಮ್ಮ ಅರಿವಿ," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಕಾವಿ ಬಿಟ್ಟ್ರ್ಯಾ ನಮ್ಮಪ್ಪಾ?"

"ಬಿಟ್ಟಿಲ್ಲವ್ವಾ. ಚೀಲದಾಗ ಐತಿ."

ಅವಳು ಗಂಟು ಕೊಟ್ಟು ಕಾಲು ಮುಟ್ಟಿದಳು. ಯಲ್ಲಾಪುರದ ಕಡೆಯ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಲೋಬಿನ ಅಂಚು ಎತ್ತಿ ಹಿಡಿದು ಅಜ್ಜಾರು ನನ್ನ ಕಡೆ ತಿರುಗಿದರು.

"ನಾ ಬಂದಾಗೂ ಹಿಂಗ ಆಗಿತ್ತು ಮಾಸ್ತರ. ಯಾರೂ ಗುರುತ ಹಿಡಿಲಿಲ್ಲ. ಬಂದ ಹಾಂಗ ಹೊಂಟೆ ನೋಡ್ರಿ. ಅಳತಿ ಬರೋಬ್ಬರಿ ಆತು."

ಕಂಡಕ್ಟರು ಸೀಟಿ ಊದಿದ. ಮುದುಕಿ ಅಲ್ಲಿಯೇ ನಿಂತಳು. ನಾನು ರಸ್ತೆ ದಾಟಿ ಬಂದೆ. ಹಳೆಯ ಲೋಬಿನಲ್ಲಿ ಉಳಿದದ್ದು ಜಿರಳೆ ತಿಂದ ಬೆನ್ನು; ಅದು ಮೇಜಿನ ಮೇಲೆ ಹಾಗೆಯೇ ಇತ್ತು. ಅಕ್ಕ ಅದನ್ನು ಮಡಚಿ ಕಪಾಟಿನಲ್ಲಿಟ್ಟಳು.

"ಗುಂಡಿ ಎಲ್ಲಾ ಸರಿಯಾಗಿ ಕೂತಿದ್ವೇನು?" ಎಂದು ಕೇಳಿದಳು.

ಕೂತಿದ್ದವು. ಹೊರಗೆ ಕಂಡ ಗುಂಡಿ ಮೂವತ್ತೆರಡು.